ಅರಿವಿ ಕಾಯುವವರು

ನಮ್ಮ ಬನಶಂಕರಿಯಲ್ಲಿ ಒಂದು ಹರಕೆಯುಂಟು. ಮಗು ಹುಟ್ಟಿದ ಮೇಲೆ, ಬಾಳೆದಿಂಡುಗಳನ್ನು ಕೂಡಿಸಿ ಕಟ್ಟಿದ ತೆಪ್ಪದಲ್ಲಿ ಆ ಕೂಸನ್ನು ಇಟ್ಟು ಗುಡಿಯ ಮುಂದಿನ ಹೊಂಡದಲ್ಲಿ ತೇಲಿಸುತ್ತಾರೆ. ಈಜು ಬಲ್ಲವರು ತೆಪ್ಪ ಹಿಡಿದು ಜತೆಗೆ ಹೋಗುತ್ತಾರೆ. ಹೆತ್ತವಳು ಮೆಟ್ಟಿಲ ಮೇಲೆ ಕೈಮುಗಿದು ನಿಂತಿರುತ್ತಾಳೆ. ತೆಪ್ಪ ತಿರುಗಿ ದಂಡೆಗೆ ಬರುವ ತನಕ ಅವಳ ಜೀವ ಅವಳ ಕೈಯಲ್ಲಿರುವುದಿಲ್ಲ. ನಮ್ಮ ಮನೆಯ ನಾಲ್ಕೂ ಮಕ್ಕಳನ್ನು ಹೀಗೆ ತೇಲಿಸಿದ್ದರೆಂದು ಅವ್ವ ಹೇಳುತ್ತಿದ್ದಳು. ಅಲ್ಲಿ ಗಂಡು ಹೆಣ್ಣು ಎಂಬ ಭೇದವಿರಲಿಲ್ಲ. ಭೇದ ಶುರುವಾದದ್ದು ಆಮೇಲೆ, ಬುರುಡೆ ಕಟ್ಟುವ ವಯಸ್ಸಿಗೆ.

ಬುರುಡೆ ಎಂದರೆ ಒಣಗಿದ ಸೋರೆಕಾಯಿಯ ಬುರುಡೆ. ನಾವು ಸಣ್ಣವರಿದ್ದಾಗ ಈಜು ಕಲಿಸುವ ಸಾಧನವೆಂದರೆ ಅದೊಂದೇ. ಕಾಕಾ ಎರಡು ಬುರುಡೆಗಳನ್ನು ಪುಂಡಿನಾರಿನ ಹಗ್ಗದಿಂದ ನನ್ನ ಅಣ್ಣನ ಬೆನ್ನಿಗೆ ಬಿಗಿದು, ತಾನು ಮೊದಲು ನೀರಿಗಿಳಿದು, ಎದೆಮಟ್ಟ ನೀರಲ್ಲಿ ನಿಂತು "ಬಾ" ಎನ್ನುತ್ತಿದ್ದ. ಅಣ್ಣ ಅಳುತ್ತಿದ್ದ. ಕಾಕಾ ನಿಂತೇ ಇರುತ್ತಿದ್ದ. ಒಂದು ವಾರ ಎರಡು ಬುರುಡೆ, ಮುಂದಿನ ವಾರ ಒಂದು, ಆಮೇಲೆ ಬರೀ ಸೊಂಟಕ್ಕೊಂದು ಹಗ್ಗ, ಅದರ ತುದಿ ಕಾಕಾನ ಕೈಯಲ್ಲಿ. ಕಡೆಗೆ ಹಗ್ಗವೂ ಇಲ್ಲ. ಹರಿದ್ರಾ ತೀರ್ಥವೆಂದು ಕರೆಯುವ ಆ ಹೊಂಡ ನಾಲ್ಕೂ ಕಡೆ 360 ಅಡಿ ಉದ್ದದ ಚೌಕ. ಸುತ್ತ ಕಲ್ಲಿನ ಮಂಟಪ, ಪಶ್ಚಿಮದ ದಂಡೆಗೆ ಎತ್ತರದ ದೀಪಸ್ತಂಭ. ಆ ದಂಡೆಯಿಂದ ಈ ದಂಡೆಗೆ ಬುರುಡೆಯಿಲ್ಲದೆ ಬಂದವನಿಗೆ ಆ ದಿನ ಮನೆಯಲ್ಲಿ ಮಾದ್ಲಿ. ನನ್ನ ಇಬ್ಬರೂ ಅಣ್ಣಂದಿರು ಹಾಗೆ ಮಾದ್ಲಿ ತಿಂದವರು.

ನಾನು ಮೆಟ್ಟಿಲ ಮೇಲೆ ಕುಳಿತು ಅವರ ಅರಿವಿ ಕಾಯುತ್ತಿದ್ದೆ. ಅಂಗಿ, ಚಡ್ಡಿ, ಕಾಕಾನ ಧೋತರ, ಅವನ ಚಷ್ಮಾ. ಚಷ್ಮಾ ಕಾಯುವುದು ಜವಾಬ್ದಾರಿಯ ಕೆಲಸವೆಂದು ನನಗೆ ಆಗ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ! "ನಾನೂ ಬರ್ತೀನಿ ಕಾಕಾ" ಎಂದು ಒಮ್ಮೆ ಕೇಳಿದ್ದು ನೆನಪಿದೆ. "ನಿನಗ್ಯಾಕವ್ವಾ ಈಸು" ಎಂದು ನಕ್ಕಿದ್ದ. ಆತ ಕೆಟ್ಟವನಲ್ಲ. ನನ್ನನ್ನು ಬಿ.ಎ. ತನಕ ಓದಿಸಬೇಕೆಂದು ಅಪ್ಪನ ಜತೆ ಜಗಳ ತೆಗೆದವನೂ ಅವನೇ. ಆದರೆ ಓದು ಬೇರೆ, ನೀರು ಬೇರೆ ಎಂದು ಅವನ ತಿಳಿವಳಿಕೆ. ಹೀಗಾಗಿ ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಮೂವತ್ತು ವರ್ಷದ ಮೇಲೆ ಮಕ್ಕಳಿಗೆ ಪಾಠ ಹೇಳಿರುವ ನನಗೆ ಇವತ್ತಿಗೂ ಈಜು ಬಾರದು. ಮೊಣಕಾಲು ದಾಟಿ ನೀರು ಬಂದರೆ ಪಕ್ಕದವರ ಸೆರಗು ಹಿಡಿದುಕೊಳ್ಳುತ್ತೇನೆ.

ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇಕೆಂದರೆ, ಮುಂದೆ ನಾನು ಈಜುಶಾಲೆಗಳ ಬಗ್ಗೆ, ಕೋಚುಗಳ ಬಗ್ಗೆ, ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ನಮ್ಮಂಥ ತಾಯಂದಿರ ಬಗ್ಗೆ ಒಂದಿಷ್ಟು ಕಟುವಾಗಿ ಮಾತಾಡಲಿದ್ದೇನೆ. ಈಜು ಬಾರದವಳಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ದಂಡೆಯ ಮೇಲೆ ಕುಳಿತು ಐವತ್ತು ವರ್ಷ ನೋಡಿದವಳಿಗೂ ಒಂದು ನೋಟ ದಕ್ಕಿರುತ್ತದೆ.

ಹೋದ ವರ್ಷದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಮೊಮ್ಮಗನಿಗೆ ನಾಲ್ಕು ವರ್ಷ ತುಂಬಿತ್ತು. ಅವನ ಅಕ್ಕನಿಗೆ ಎಂಟು. ಮಗಳು ಸಣ್ಣವನನ್ನು ಈಜಿನ ಕ್ಲಾಸಿಗೆ ಹಾಕಿದ್ದಳು. ಮನೆಗೆ ಬಂದಿದ್ದ ಜಾಹೀರಾತಿನ ಚೀಟಿ ಫ್ರಿಜ್ಜಿನ ಮೇಲೆ ಅಂಟಿತ್ತು: ಇಪ್ಪತ್ತೊಂದು ದಿನದಲ್ಲಿ ಈಜು ಗ್ಯಾರಂಟಿ, ಕೊನೆಯ ದಿನ ಸ್ಪರ್ಧೆ, ಎಲ್ಲರಿಗೂ ಪದಕ ಮತ್ತು ಸರ್ಟಿಫಿಕೇಟು. ನಾನು ವೃತ್ತಿಯಿಂದ ಉತ್ತರ ಪತ್ರಿಕೆ ತಿದ್ದುವವಳು. ಎಲ್ಲರಿಗೂ ಪದಕ ಎಂಬ ಮಾತು ಓದಿದ ಕೂಡಲೇ ಕೆಂಪು ಪೆನ್ನಿಗಾಗಿ ಕೈ ತಡಕಾಡಿತು.

ಮರುದಿನ ನಾನೂ ಹೋದೆ. ಹಸಿರು ಬಣ್ಣದ ನೆರಳುಬಟ್ಟೆ ಹೊದಿಸಿದ ಗೋಳ, ಮೂಗಿಗೆ ರಾಚುವ ಕ್ಲೋರಿನ್ ವಾಸನೆ. ನೀರಿನಲ್ಲಿ ಮೂವತ್ತರ ಹತ್ತಿರ ಮಕ್ಕಳು. ಕೋಚ್ ಒಬ್ಬರೇ, ಅವರೂ ದಂಡೆಯ ಮೇಲೆ, ಕೈಯಲ್ಲಿ ಸೀಟಿ. ಸಣ್ಣ ಮಕ್ಕಳ ತೋಳಿಗೆ ಗಾಳಿ ತುಂಬಿದ ರಬ್ಬರಿನ ಪಟ್ಟಿಗಳು. ನಮ್ಮವನು ಮೆಟ್ಟಿಲ ಕಂಬಿ ಹಿಡಿದು ಬಿಡಲೊಲ್ಲ, ಅಳು. ಕೋಚ್ ಸಾಹೇಬರು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅತ್ತ ನೂಕಿಬಿಟ್ಟರು. ಹುಡುಗ ಒಂದು ಗುಟುಕು ನೀರು ಕುಡಿದು, ಪಟ್ಟಿಯ ದೆಸೆಯಿಂದ ಮೇಲೆ ಬಂದು, ಕೆಮ್ಮಿ, ಇನ್ನೂ ದೊಡ್ಡ ದನಿ ತೆಗೆದ. "ಹಿಂಗ ಮಾಡಿದ್ರನ ಅಂಜಿಕಿ ಹೋಗತೈತ್ರಿ ಅಮ್ಮಾರ" ಎಂದರು ನನಗೆ. ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತಾಯಂದಿರು. ಕೆಲವರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು, ಕೆಲವರು ಬೇರೇನೋ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ನನ್ನ ಮೊಮ್ಮಗಳು ಕುಳಿತಿದ್ದಳು. ಅವಳ ತೊಡೆಯ ಮೇಲೆ ತಮ್ಮನ ಟವೆಲು, ಅಂಗಿ, ಚಡ್ಡಿ, ಚಪ್ಪಲಿಗಳು.

"ನೀ ಯಾಕ ಇಳಿದಿಲ್ಲವ್ವಾ?" ಎಂದೆ.

"ನನಗ ಡ್ಯಾನ್ಸ್ ಕ್ಲಾಸ್ ಐತಲ್ಲ ಆಯಿ" ಎಂದಳು.

ಅಂದು ರಾತ್ರಿ ನಾನು ಮಗಳನ್ನು ಕೇಳಿದೆ. ಅವಳ ಕಾರಣಗಳು ನನಗೆ ಗೊತ್ತಿರುವವೇ. ಬಿಸಿಲಿಗೆ ಮೈ ಕಪ್ಪಾಗುತ್ತದೆ, ಕೂದಲು ಹಾಳಾಗುತ್ತದೆ, ಕಲಿಸುವವರು ಗಂಡಸರು, ಆ ಬಟ್ಟೆ ಬೇರೆ. ಇನ್ನು ಎರಡು ಮೂರು ವರ್ಷಕ್ಕೆ ಹೇಗೂ ಬಿಡಿಸಬೇಕಾಗುತ್ತದೆ, ಮತ್ತೆ ಫೀ ಯಾಕೆ ದಂಡ? ಹೇಳುತ್ತ ಹೇಳುತ್ತ ಅವಳಿಗೇ ಮುಜುಗರವಾಯಿತು. ಇಂಜಿನಿಯರಿಂಗ್ ಓದಿದ ಹುಡುಗಿ ಅವಳು. ನಾನೂ ಅವಳಿಗೆ ಈಜು ಕಲಿಸಿರಲಿಲ್ಲವಲ್ಲ! ಅವಳ ಅಣ್ಣನನ್ನು ಮಾತ್ರ ಅವನ ಮಾವನ ಜತೆ ಹೊಂಡಕ್ಕೆ ಕಳಿಸಿದ್ದೆ. ಆದ್ದರಿಂದ ಸುಮ್ಮನಾದೆ.

ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ವಯಸ್ಸು. ಮೂರು ವರ್ಷದ, ನಾಲ್ಕು ವರ್ಷದ ಮಕ್ಕಳನ್ನು ಕೋಚಿನ ಕೈಗೆ ಒಪ್ಪಿಸುವ ಅವಸರ ಈಗ ಊರೂರಿಗೂ ಬಂದಿದೆ. ಇದರ ಬಗ್ಗೆ ತಿಳಿದವರು ಏನೆನ್ನುತ್ತಾರೆ? ಅಮೆರಿಕದ ಮಕ್ಕಳ ವೈದ್ಯರ ಸಂಘವು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈಜಿನ ಪಾಠ ಬೇಡವೆಂದೇ ಬಹುಕಾಲ ಹೇಳುತ್ತಿತ್ತು. 2010ರಲ್ಲಿ ಆ ಮಾತನ್ನು ಸಡಿಲಿಸಿತು. ಒಂದು ವರ್ಷ ದಾಟಿದ ಮಕ್ಕಳಿಗೂ ಪಾಠದಿಂದ ಪ್ರಯೋಜನವಾಗಬಹುದು ಎಂದಿತು. ಆದರೆ ಜತೆಗೆ ಇನ್ನೊಂದು ಮಾತನ್ನೂ ಹೇಳಿತು, ಅದನ್ನು ಜಾಹೀರಾತಿನವರು ಬರೆಯುವುದಿಲ್ಲ: ಎಂಥ ಪಾಠವೂ ಮಗುವನ್ನು ಮುಳುಗದ ಮಗುವನ್ನಾಗಿ ಮಾಡಲಾರದು, ಸಣ್ಣ ಮಗು ನೀರಿನ ಹತ್ತಿರ ಇದ್ದಷ್ಟು ಹೊತ್ತು ದೊಡ್ಡವರು ಕೈಯಳತೆಯಲ್ಲೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಈಜಿನ ಕೌಶಲವನ್ನು ಕಲಿಸಿರೆಂದು ಹೇಳುವುದು ಶಾಲೆಗೆ ಹೋಗುವ ವಯಸ್ಸಿನ, ಆರು ದಾಟಿದ ಮಕ್ಕಳಿಗೆ. ಅದಕ್ಕಿಂತ ಸಣ್ಣವರಿಗೆ ಬೇಲಿ ಹಾಕಿ, ನೋಡಿಕೊಳ್ಳುವವರನ್ನು ಇಡಿ ಎನ್ನುತ್ತದೆ. ಎಂದರೆ ನಮ್ಮ ಮನೆಯ ಲೆಕ್ಕ ಪೂರ್ತಿ ಉಲ್ಟಾ ಆಗಿತ್ತು. ದಂಡೆಯ ಮೇಲೆ ಕೂರಬೇಕಾದವನು ನೀರಿನಲ್ಲಿದ್ದ, ನೀರಿನಲ್ಲಿರಬೇಕಾದವಳು ದಂಡೆಯ ಮೇಲಿದ್ದಳು.

ನಾಲ್ಕು ವರ್ಷದವನು ನೀರಿಗೆ ಇಳಿಯಲೇಬಾರದು ಎಂದು ನನ್ನ ವಾದವಲ್ಲ. ಅಪ್ಪನೋ ಅವ್ವನೋ ಜತೆಗಿಳಿದು, ಮುಖ ನೀರಿಗೆ ಅದ್ದಿ ಗುಳ್ಳೆ ಬಿಡುವುದು, ಅಂಗಾತ ಮಲಗಿ ಅವರ ಅಂಗೈ ಮೇಲೆ ತೇಲುವುದು, ಇವೆಲ್ಲ ಚೆಂದವೇ. ಅದು ಆಟ. ಆಟಕ್ಕೆ ಪದಕ ಕಟ್ಟಿದಾಗಲೇ ತಾಯಿ ಮೋಸ ಹೋಗುವುದು. ಸರ್ಟಿಫಿಕೇಟು ಗೋಡೆಗೆ ನೇತುಹಾಕಿ "ನಮ್ಮವನಿಗೆ ಈಜು ಬರ್ತದ" ಎಂದು ನಂಬಿ, ಮುಂದಿನ ದೀಪಾವಳಿಗೆ ಊರಿಗೆ ಬಂದಾಗ ಕಾಲುವೆಯ ದಂಡೆಗೆ ಕೈಬಿಟ್ಟು ನಡೆಸುತ್ತಾಳೆ. ಏನೂ ಕಲಿಯದ ಮಗುವಿಗಿಂತ ಅರ್ಧ ಕಲಿತಿದೆಯೆಂದು ನಂಬಲಾದ ಮಗುವಿಗೆ ಅಪಾಯ ಹೆಚ್ಚು.

ತೋಳಿನ ಆ ಗಾಳಿಪಟ್ಟಿಗಳ ಬಗ್ಗೆಯೂ ಹೇಳಬೇಕು. ವಿಜ್ಞಾನ ನನ್ನ ವಿಷಯವಲ್ಲ, ಆದರೆ ಕಾಕಾ ಬುರುಡೆಯನ್ನು ಬೆನ್ನಿಗೇ ಏಕೆ ಕಟ್ಟುತ್ತಿದ್ದ ಎಂಬುದು ನನಗೆ ಆ ದಿನ ಹುಬ್ಬಳ್ಳಿಯಲ್ಲಿ ಹೊಳೆಯಿತು. ಬೆನ್ನಿಗೆ ಬುರುಡೆ ಇದ್ದವನು ನೀರಿನ ಮೇಲೆ ಅಡ್ಡ ಮಲಗುತ್ತಾನೆ. ಈಜುವ ಭಂಗಿಯೇ ಅದು. ತೋಳಿಗೆ ಪಟ್ಟಿ ಇದ್ದವನು ನೀರಿನಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುತ್ತಾನೆ, ಮುಳುಗುವವರು ನಿಲ್ಲುವ ಹಾಗೆ. ಎದೆಯಲ್ಲಿ ಉಸಿರು ತುಂಬಿದ್ದರೆ ಮೈ ತೇಲುತ್ತದೆ, ತಲೆ ಎತ್ತಿದಷ್ಟೂ ಸೊಂಟ ಕೆಳಗಿಳಿಯುತ್ತದೆ, ತಲೆಯನ್ನು ನೀರಿಗೆ ಒಪ್ಪಿಸಿದರೆ ಕಾಲು ತಾನಾಗಿ ಮೇಲೆ ಬರುತ್ತದೆ. ಈಜಿನ ಮೊದಲ ಪಾಠ ಇಷ್ಟೇ. ಪಟ್ಟಿ ಕಟ್ಟಿಕೊಂಡ ಮಗು ಈ ಪಾಠಕ್ಕೆ ತದ್ವಿರುದ್ಧವಾದುದನ್ನು ಇಪ್ಪತ್ತೊಂದು ದಿನ ಕಲಿಯುತ್ತದೆ. ಜತೆಗೆ, ಬುರುಡೆ ಎರಡರಿಂದ ಒಂದಕ್ಕಿಳಿಯುತ್ತಿತ್ತು. ಪಟ್ಟಿ ಮೊದಲ ದಿನ ಎರಡು, ಫೋಟೋದ ದಿನವೂ ಎರಡು.

ಇನ್ನು ಅಂಜಿಕೆ. ಅಳುವ ಮಗುವನ್ನು ನೂಕಿದರೆ ಅಂಜಿಕೆ ಹೋಗುತ್ತದೆ ಎಂಬುದು ಎಷ್ಟು ಹಳೆಯ ನಂಬಿಕೆಯೋ ಅಷ್ಟೇ ಕೆಟ್ಟದ್ದು. ಮಗ್ಗಿ ಬಾರದ ಹುಡುಗನ ಕಿವಿ ಹಿಂಡಿದರೆ ಮಗ್ಗಿ ಬರುತ್ತದೆಂದು ನಾವು ಮಾಸ್ತರ ಮಂದಿಯೂ ಒಂದು ಕಾಲಕ್ಕೆ ನಂಬಿದ್ದೆವು. ಬರುತ್ತಿದ್ದದ್ದು ಜ್ವರ. ಅಂಜಿಕೆ ಮಗುವಿನ ದೋಷವಲ್ಲ, ಬುದ್ಧಿ. ಅದನ್ನು ಗೌರವಿಸಿ ಕಾಯುವವರು ಒಳ್ಳೆಯ ಕೋಚ್. ಬೆಂಗಳೂರಿನ ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದವರು, 1999ರ ಅರ್ಜುನ ಪ್ರಶಸ್ತಿ ಪಡೆದವರು. ಅವರು ಐದನೆಯ ವಯಸ್ಸಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾದವರು. ಆ ಅಂಜಿಕೆ ಮಗಳಲ್ಲಿ ಉಳಿಯಬಾರದೆಂದು ತಂದೆ ಈಜು ಕಲಿಸಲು ಹಚ್ಚಿದರು. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತದ ತಂಡದಲ್ಲಿ ಎಲ್ಲರಿಗಿಂತ ಸಣ್ಣವಳು ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು, ಹದಿನಾಲ್ಕು ವರ್ಷ. ಅವಳೂ ಮೊದಮೊದಲು ನೀರಿಗಿಳಿಯಲು ಒಲ್ಲೆನೆನ್ನುತ್ತಿದ್ದ ಮಗುವಂತೆ. ಬಹಳ ಹಿಂದಿನ ಮಾತೆಂದರೆ ಆರತಿ ಸಹಾ. ಎರಡೂವರೆ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಕಲಕತ್ತೆಯ ಹುಡುಗಿ, ಚಿಕ್ಕಪ್ಪನ ಜತೆ ಘಾಟಿಗೆ ಸ್ನಾನಕ್ಕೆ ಹೋಗಿ ಹೋಗಿ ಈಜು ಕಲಿತಳು. 1952ರಲ್ಲಿ ಹನ್ನೊಂದನೆಯ ವಯಸ್ಸಿಗೆ ಹೆಲ್ಸಿಂಕಿ ಒಲಿಂಪಿಕ್ಸ್, 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ. ಏಷ್ಯಾದ ಹೆಂಗಸರಲ್ಲಿ ಅದನ್ನು ಈಜಿ ದಾಟಿದವರಲ್ಲಿ ಆಕೆಯೇ ಮೊದಲಿಗಳು. ಆ ಚಿಕ್ಕಪ್ಪ "ನಿನಗ್ಯಾಕವ್ವಾ ಈಸು" ಎಂದು ಕೇಳಲಿಲ್ಲ ನೋಡಿ.

ಈ ಹೆಸರುಗಳನ್ನು ಹೇಳಿದ ಕೂಡಲೇ ನಮ್ಮ ತಾಯಂದಿರ ಕಣ್ಣು ಹೊಳೆಯುತ್ತದೆ, ನನಗೆ ಗೊತ್ತು. ಅದೇ ನನ್ನ ತಕರಾರು. ಬೆಂಗಳೂರಿನ ಬಸವನಗುಡಿ ಈಜುಕೇಂದ್ರದಂಥ ಕಡೆ ಬೆಳಗಿನ ಜಾವದಿಂದ ಮೈಲಿಗಟ್ಟಲೆ ಈಜುವ ಮಕ್ಕಳ ದಾರಿ ಬೇರೆ. ಅವರಿಗೆ ಅಲ್ಲಿ ಸ್ಪರ್ಧೆಗೆ ತಕ್ಕ ಕೋಚುಗಳಿದ್ದಾರೆ, ಮನೆಯವರ ತಪಸ್ಸಿದೆ. ನಮ್ಮ ಬಾದಾಮಿಯ, ಹುನಗುಂದದ, ಇಳಕಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಒಲಿಂಪಿಕ್ಸಿಗೆ ಹೋಗಲಾರರು. ಆದರೆ ಅವರಲ್ಲಿ ಒಬ್ಬೊಬ್ಬರೂ ಒಂದಲ್ಲ ಒಂದು ದಿನ ಕಾಲುವೆಯ ದಂಡೆಗೆ, ಬಾವಿಯ ಕಟ್ಟೆಗೆ, ಹೊಲದ ಹೊಂಡಕ್ಕೆ ಹೋಗಿಯೇ ಹೋಗುತ್ತಾರೆ. ಅವರಿಗೆ ಬೇಕಾದ ಈಜು ಬೇರೆ. ಉಟ್ಟ ಬಟ್ಟೆಯಲ್ಲೇ ಅಕಸ್ಮಾತ್ ಬಿದ್ದಾಗ ಗಾಬರಿಯಾಗದೆ ಮೇಲೆ ಬರುವುದು, ಅಂಗಾತ ಮಲಗಿ ಉಸಿರು ಹಿಡಿಯುವುದು, ಬಿದ್ದ ಕಡೆಗೇ ತಿರುಗಿ ಮೆಟ್ಟಿಲು ಹಿಡಿಯುವುದು. ನಾನು ನೋಡಿದ ಇಪ್ಪತ್ತೊಂದು ದಿನದ ಪಾಠದಲ್ಲಿ ಇದು ಒಂದು ದಿನವೂ ಇರಲಿಲ್ಲ. ಫ್ರೀಸ್ಟೈಲ್ ಇತ್ತು, ಅದೂ ಸಮವಸ್ತ್ರ ತೊಟ್ಟು, ಕಣ್ಣಿಗೆ ಕನ್ನಡಕ ಹಾಕಿ, ತಳ ಕಾಣುವ ನೀರಿನಲ್ಲಿ. ಮಲಪ್ರಭೆಯ ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ. 2009ರ ನೆರೆಯಲ್ಲಿ, 2019ರ ನೆರೆಯಲ್ಲಿ ಆ ನೀರು ಓಣಿಗಳಿಗೇ ಬಂದದ್ದನ್ನು ನೋಡಿದವರು ನಾವು.

ಬಾಂಗ್ಲಾದೇಶದ ಸಂಗತಿಯೊಂದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದ್ದುಂಟು. ಅಲ್ಲಿ ಹಳ್ಳಿಯ ಮನೆಮನೆಯ ಹಿಂದೆಯೂ ಒಂದೊಂದು ಕೆರೆ, ಮಕ್ಕಳ ಸಾವೂ ಹಾಗೇ. ಅದಕ್ಕೆ ಅವರು ಮಾಡಿದ್ದೇನೆಂದರೆ, ಊರ ಕೆರೆಯಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಊರವರನ್ನೇ ತರಬೇತುಗೊಳಿಸಿ, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈಜು ಕಲಿಸತೊಡಗಿದರು. ಪರೀಕ್ಷೆ ಇಷ್ಟೇ: 25 ಮೀಟರ್ ಈಜಬೇಕು, 30 ಸೆಕೆಂಡು ನಿಂತಲ್ಲೇ ತೇಲಬೇಕು, ನೀರಿಗೆ ಬಿದ್ದ ಇನ್ನೊಬ್ಬರನ್ನು ತಾನು ಧುಮುಕದೆ ದಂಡೆಯಿಂದಲೇ ಎಳೆದುಕೊಳ್ಳಬೇಕು. ಪದಕವಿಲ್ಲ. ಕಲಿತ ಮಕ್ಕಳಲ್ಲಿ ಸಾವು ಬಹಳಷ್ಟು ಇಳಿಯಿತು. ಇನ್ನೂ ಸಣ್ಣ ಮಕ್ಕಳನ್ನು, ತಾಯಂದಿರು ಕೆಲಸದಲ್ಲಿರುವ ಹೊತ್ತಿಗೆ, ಕಾಯುವವರಿರುವ ಕೂಸಿನ ಮನೆಯಲ್ಲಿ ಇಟ್ಟರು. ಜಗತ್ತಿನಲ್ಲಿ 2021ರ ಒಂದೇ ವರ್ಷ ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುತ್ತದೆ. ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷದೊಳಗಿನ ಕೂಸುಗಳು. ಬಾಂಗ್ಲಾದವರು ಕಟ್ಟಿದ ಬಿದಿರಿನ ಅಟ್ಟಣೆ ನಮ್ಮ ಹರಿದ್ರಾ ತೀರ್ಥದ ಮೆಟ್ಟಿಲಿಗೂ ಕಾಕಾನ ಹಗ್ಗಕ್ಕೂ ಬಹಳ ದೂರದ್ದಲ್ಲ. ನಮ್ಮಲ್ಲಿ ಆ ಮೆಟ್ಟಿಲಿತ್ತು, ಬುರುಡೆಯಿತ್ತು, ಕಲಿಸುವವನಿದ್ದ. ಅರ್ಧ ಮಕ್ಕಳಿಗೆ ಮಾತ್ರ ಕಲಿಸಿದೆವು, ಉಳಿದರ್ಧವನ್ನು ಅರಿವಿ ಕಾಯಲು ಕೂರಿಸಿದೆವು.

ಕೂರಿಸಿದ್ದು ಎಂಥವರನ್ನು ಎಂದು ನೋಡಿ. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ದಿನಾ ಬೆಳಿಗ್ಗೆ ಅರಿವಿ ಒಗೆಯುವ ಸಾಲು ಕಾಣುತ್ತದಲ್ಲ, ಪ್ರವಾಸಿಗಳು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರಲ್ಲ, ಆ ಸಾಲಿನಲ್ಲಿ ಗಂಡಸರೆಷ್ಟು? ಹೊಳೆಗೆ ಹೋಗುವವಳು ಅವಳು, ಕೊಡ ತುಂಬುವವಳು ಅವಳು, ಪಾಚಿಗಟ್ಟಿದ ಕಲ್ಲಿನ ಮೇಲೆ ನಿಲ್ಲುವವಳು ಅವಳು, ಕಂಕುಳಲ್ಲಿ ಕೂಸು ಹೊತ್ತು ದಂಡೆಗೆ ಬರುವವಳೂ ಅವಳೇ. ನೀರಿನ ಜತೆ ಎಲ್ಲರಿಗಿಂತ ಹೆಚ್ಚು ಒಡನಾಡುವವಳಿಗೆ ನೀರಿನ ವಿದ್ಯೆ ಬೇಡವೆಂದವರು ಯಾರು? ನಮ್ಮ ಕಾಕಾ ಒಬ್ಬನೇ ಅಲ್ಲ. ನಾನೂ ಅಂದವಳು.

ಇಲ್ಲಿ ನಾನು ಬರೆಯಲು ಹಿಂಜರಿದ ಮಾತೊಂದು ಬರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ತೀರಿಕೊಂಡಳು. ಊರು, ಹೆಸರು ಬೇಡ. ನಮ್ಮ ಕಡೆ 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲಹೊಲಕ್ಕೂ ಹೊಂಡಗಳಾದವು. ಬರದ ಸೀಮೆಗೆ ಅವು ಉಪಕಾರಿಯೇ, ಸಂಶಯವಿಲ್ಲ. ಆದರೆ ಇಳಿಜಾರಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಅದು ತೊಯ್ದರೆ ಸಾಬೂನು ಹಚ್ಚಿದ ಹಾಗೆ. ಜಾರಿದವರು, ಈಜು ಬಲ್ಲವರೂ ಕೂಡ, ಹತ್ತಿ ಬರುವುದು ಕಷ್ಟ. ದಂಡೆಯ ಗೂಟಕ್ಕೆ ಗಂಟು ಹಾಕಿದ ಒಂದು ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿದ್ದರೆ ಹಿಡಿದು ಬರಬಹುದು. ತಂತಿಬೇಲಿಗೆ ಯೋಜನೆಯಲ್ಲೇ ಸಹಾಯಧನವಿದೆ. ಆ ಹೊಂಡಕ್ಕೆ ಬೇಲಿಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಹುಡುಗಿ ಆಳುಗಳ ಬುತ್ತಿಯ ಹೊತ್ತಿಗೆ ಕೊಡ ತುಂಬಲು ಹೋಗಿದ್ದಳು. ಅಲ್ಲೇ ನಾಲ್ಕು ಮಾರು ದೂರದಲ್ಲಿ ಜನರಿದ್ದರು. ಯಾರಿಗೂ ಏನೂ ಕೇಳಿಸಲಿಲ್ಲ. ಮುಳುಗುವವರು ಸಿನಿಮಾದಲ್ಲಿ ಕೂಗುವಂತೆ ಕೂಗುವುದಿಲ್ಲ. ಉಸಿರಿಗಾಗಿ ಬಾಯಿ ತೆರೆದವರಿಗೆ ಕೂಗಲು ಉಸಿರಿರುವುದಿಲ್ಲ. ಸದ್ದಿಲ್ಲದೆ ಒಂದು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ. ಈಜುಗೋಳದ ಕುರ್ಚಿಯಲ್ಲಿ ಮೊಬೈಲು ನೋಡುವ ತಾಯಂದಿರಿಗೆ ಇದನ್ನು ಹೇಳಬೇಕೆಂದೇ ಇಷ್ಟು ಬರೆದೆ.

ಮಾತಾಡಿಸಲು ಹೋದಾಗ ಅವಳಪ್ಪ ಕಟ್ಟೆಯ ಮೇಲೆ ಕುಳಿತಿದ್ದ. "ಹುಡುಗಗ ಬಾವ್ಯಾಗ ಈಸ ಕಲಿಸಿದ್ನಿರಿ ಅಕ್ಕಾರ. ಇಕಿಗೆ ಯಾಕ ಬೇಕು ಅಂತ ಬಿಟ್ಟೆ" ಎಂದ. ಅದನ್ನೇ ಮೂರು ಸಲ ಹೇಳಿದ. ನಾನು ಏನು ಹೇಳಲಿ? ಶಾಲೆಯಲ್ಲಿ ನಾವು ಎರಡು ನಿಮಿಷ ಮೌನ ಆಚರಿಸಿದೆವು. ಹೊಂಡದ ಹತ್ತಿರ ಹೋಗಬೇಡಿ ಎಂದು ಬೋರ್ಡಿಗೆ ಬರೆದೆವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದವಳು ನಾನು. ಹೋಗಬೇಡಿ ಎಂದು ಬರೆದದ್ದು ಯಾರಿಗೆ? ಮನೆಯವರು ಹೋಗೆಂದು ಕಳಿಸಿದ್ದಕ್ಕಲ್ಲವೇ ಅವಳು ಹೋದದ್ದು! ನೀರಿಗೆ ಹೋಗದೆ ನಡೆಯದ ಬಾಳಿನಲ್ಲಿ "ಹೋಗಬೇಡ" ಎಂಬುದು ಪಾಠವಲ್ಲ, ನಮ್ಮ ಮೇಲಿನ ಮಾತು ತಪ್ಪಿಸಿಕೊಳ್ಳುವ ಉಪಾಯ. ಅದನ್ನು ಪಾಠವೆಂದು ಕರೆದವಳು ನಾನೇ.

ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ಒಂದು ಸಾಲು ತಪ್ಪದೆ ಇರುತ್ತದೆ: ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು. ಮಗಳು ಜಾರಿದಳೆಂದು ತಾಯಿ, ತಾಯಿಯ ಹಿಂದೆ ಚಿಕ್ಕಮ್ಮ. ಈಜು ಬಾರದವರು ಧುಮುಕಬಾರದು ಎಂದು ಹೇಳಿದರೆ ಯಾವ ತಾಯಿ ಕೇಳುತ್ತಾಳೆ? ಧುಮುಕದೆ ಏನು ಮಾಡಬೇಕೆಂದು ಹೇಳಿಕೊಟ್ಟರೆ ಕೇಳಿಯಾಳು. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಎಂಬಲ್ಲಿ ನಾಲ್ವರು ಹುಡುಗರು ಅಣೆಕಟ್ಟಿನ ನೀರಿಗೆ ಬಿದ್ದರು. ಅಲ್ಲಿದ್ದ ಮೂವರು ಹೆಂಗಸರು ಉಟ್ಟ ಸೀರೆಗಳನ್ನೇ ಬಿಚ್ಚಿ, ಗಂಟು ಹಾಕಿ ಎಸೆದು, ಇಬ್ಬರನ್ನು ಎಳೆದು ಉಳಿಸಿದರು. ಆ ರಾಜ್ಯದ ಸರಕಾರ ಅವರಿಗೆ ಕಲ್ಪನಾ ಚಾವ್ಲಾ ಹೆಸರಿನ ಪ್ರಶಸ್ತಿ ಕೊಟ್ಟಿತು. ಇಳಕಲ್ಲ ಸೀರೆಯ ಸೀಮೆಯವರು ನಾವು. ನಮ್ಮ ಹಿರಿಯರು ಉಡುತ್ತಿದ್ದದ್ದು ಎಂಟು ಗಜ, ಒಂಬತ್ತು ಗಜ. ನನ್ನ ಮೈಮೇಲೆ ಅಷ್ಟುದ್ದದ ಹಗ್ಗವಿದೆಯೆಂದು ಐವತ್ತೇಳು ವರ್ಷದಲ್ಲಿ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ನಾನು ಈಗ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹುಡುಗಿಯರಿಗೆ ಶಾಲೆಯ ಅಂಗಳದಲ್ಲೇ ಇದನ್ನು ಮಾಡಿ ತೋರಿಸುತ್ತೇನೆ. ಒಬ್ಬಳು ನೆಲದ ಮೇಲೆ ಮಲಗಿ "ಮುಳುಗು"ತ್ತಾಳೆ, ಉಳಿದವರು ದುಪಟ್ಟಾ ಗಂಟು ಹಾಕಿ, ತಾವು ಬೋರಲು ಮಲಗಿ ಎಸೆಯುತ್ತಾರೆ. ನಗು ತಡೆಯಲಾಗುವುದಿಲ್ಲ ಅವರಿಗೆ. ನಗಲಿ.

ಕೋಚಿನ ಹತ್ತಿರ ಮಗುವನ್ನು ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಕಾಕಾನಂಥವರು ಈಗ ಎಲ್ಲಿದ್ದಾರೆ? ಹರಿದ್ರಾ ತೀರ್ಥವೂ ಬರದ ವರ್ಷಗಳಲ್ಲಿ ಬತ್ತಿ ನೆಲ ಕಂಡದ್ದುಂಟು. ಈಜುಗೋಳವೇ ಗತಿ ಎನ್ನುವ ಕಾಲ ಬಂದಿದೆ, ಬರಲಿ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಅಂಚು ಎಳೆದು ನೋಡಿ, ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಮಗುವಿನ ಉಸಿರನ್ನು ಒಪ್ಪಿಸುವಾಗ ಫೀ ಎಷ್ಟೆಂದು ಮಾತ್ರ ಕೇಳುತ್ತೇವೆ. ಒಬ್ಬ ಕೋಚಿಗೆ ಎಷ್ಟು ಮಕ್ಕಳು, ಅವರು ಸಣ್ಣವರ ಜತೆ ನೀರಿಗಿಳಿಯುತ್ತಾರೋ ಇಲ್ಲವೋ, ಕಲಿಸುವವರ ಹೊರತು ನೀರನ್ನೇ ನೋಡುತ್ತ ನಿಲ್ಲುವ ಇನ್ನೊಬ್ಬರಿದ್ದಾರೋ, ಕೊನೆಯ ವಾರ ಉಟ್ಟ ಬಟ್ಟೆಯಲ್ಲಿ ಒಮ್ಮೆ ಇಳಿಸುತ್ತಾರೋ ಎಂದು ಕೇಳಿದರೆ ಯಾರೂ ನಮ್ಮನ್ನು ತಿನ್ನುವುದಿಲ್ಲ. ಕೇಳಿದ್ದಕ್ಕೆ ಸಿಟ್ಟಾಗುವ ಕೋಚಿದ್ದರೆ ಅಲ್ಲಿಗೇ ಉತ್ತರ ಸಿಕ್ಕ ಹಾಗಾಯಿತು. ಹುಡುಗಿಯರಿಗೆ ಹೆಣ್ಣು ಕೋಚ್ ಬೇಕೆಂದು ಹತ್ತು ತಾಯಂದಿರು ಕೂಡಿ ಕೇಳಿದರೆ ಎಲ್ಲಿಂದಾದರೂ ತರುತ್ತಾರೆ. ನಾವು ಕೇಳುವುದಿಲ್ಲವೆಂದೇ ಅವರು ಇಲ್ಲ. ಇನ್ನು ಮೈ ಕಪ್ಪಾಗುವ ಮಾತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಜೋಳದ ಹೊಲದಲ್ಲಿ ಕಪ್ಪಾದವರ ಮಗಳು ನಾನು.

ಹುಬ್ಬಳ್ಳಿಯಲ್ಲಿ ಆ ಮೇಲೆ ನಡೆದದ್ದು ಇಷ್ಟು. ಆ ಬೇಸಿಗೆ ಮಗಳು ಸಣ್ಣವನನ್ನು ಅರ್ಧಕ್ಕೇ ಬಿಡಿಸಿದಳು, ಫೀ ಹೋಯಿತು. ಈ ಬೇಸಿಗೆ ಬೇರೊಂದು ಗೋಳ ಹುಡುಕಿದಳು. ಅಲ್ಲಿ ಬೆಳಿಗ್ಗೆ ಒಂದು ತಾಸು ಹೆಂಗಸರಿಗೆ ಮತ್ತು ಹುಡುಗಿಯರಿಗೆ ಎಂದು ಇಟ್ಟಿದ್ದಾರೆ, ಕಲಿಸುವವಳು ಬಿ.ಪಿ.ಎಡ್. ಮಾಡಿದ ಗಟ್ಟಿಮುಟ್ಟಾದ ಹುಡುಗಿ. ಮೊಮ್ಮಗಳು ನಾಲ್ಕನೆಯ ದಿನ ಅಂಗಾತ ತೇಲಿದಳು. ಅವಳವ್ವನೂ ಸಲ್ವಾರ್ ಮೇಲೆಯೇ ಇಳಿದಿದ್ದಾಳೆ, ಇನ್ನೂ ಕಂಬಿ ಬಿಟ್ಟಿಲ್ಲ. ಕೋಚ್ ಹುಡುಗಿ ಎದೆಮಟ್ಟ ನೀರಲ್ಲಿ ನಿಂತು ನನಗೂ ಕೈ ಮಾಡಿ "ಬರ್ರಿ ಅಮ್ಮಾರ" ಎಂದಳು. ನಾನು ಮೂರನೆಯ ಮೆಟ್ಟಿಲ ತನಕ ಇಳಿದೆ, ನೀರು ಮೊಣಕಾಲು ದಾಟಿತು. ಅಲ್ಲಿ ಹಿಡಿಯಲು ಯಾರ ಸೆರಗೂ ಇರಲಿಲ್ಲ.

ಮೇಲೆ ಕುರ್ಚಿಯಲ್ಲಿ ಈಗ ಐದು ವರ್ಷದ ಮೊಮ್ಮಗ, ಅಪ್ಪನ ಪಕ್ಕದಲ್ಲಿ. ತೊಡೆಯ ಮೇಲೆ ನಮ್ಮೆಲ್ಲರ ಟವೆಲು, ನನ್ನ ಚಷ್ಮಾ. ಬಲು ಜವಾಬ್ದಾರಿಯಿಂದ ಕಾಯುತ್ತಾನೆ. ಆದರೂ ಮೊನ್ನೆ ನನ್ನ ಒಂದು ಚಪ್ಪಲಿ ಕಳೆದುಹಾಕಿದ.